ಎಲೆ ಉದುರಿಸಿದ ಅರವತ್ತು ಗಿಡಗಳು

ಮರಗಳ ಸಂಶೋಧನಾ ಕೇಂದ್ರದ ಹಿಂಭಾಗದಲ್ಲಿ, ಬಾಯ್ಲರ್ ಕೋಣೆಗೆ ಅಂಟಿಕೊಂಡು, ತೊಳೆಯುವ ಕೋಣೆಯೊಂದಿದೆ. ಸಾಲಾಗಿ ಮೂರು ಕಲ್ಲಿನ ತೊಟ್ಟಿ, ಮೇಲೆ ಸಣ್ಣ ಧಾರೆಯ ನಲ್ಲಿಗಳು, ಕೆಳಗೆ ಒಂದರ ಕೆಳಗೊಂದು ಜರಡಿ. ಆ ತೊಟ್ಟಿಗಳ ಮುಂದೆ ಇಪ್ಪತ್ತಾರು ವರ್ಷ ನಿಂತು ಗಿಡಗಳ ಬೇರು ತೊಳೆದ ಹೆಂಗಸನ್ನು ಎಲ್ಲರೂ ಬೇರಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಒಮ್ಮೆ ಯಾರೋ ಆ ಹೆಸರು ಹಿಡಿದು ಕೂಗಿದಾಗ ಅವಳೇ ಹಿಂದೆ ತಿರುಗಿ ಬೇರೆ ಯಾರು ಬಂದರೆಂದು ನೋಡಿದ್ದಳಂತೆ.

ಬೇರು ತೊಳೆಯುವುದೆಂದರೆ ಸೊಪ್ಪು ತೊಳೆದಂತಲ್ಲ. ಕುಂಡದ ಮಣ್ಣುಗಡ್ಡೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಯಲು ಬಿಟ್ಟು, ಆಮೇಲೆ ಸಣ್ಣ ಧಾರೆಯ ಕೆಳಗೆ ಹಿಡಿದು, ಬೆರಳ ತುದಿಯಿಂದ ಮಣ್ಣನ್ನು ಒಂದಿಷ್ಟೊಂದಿಷ್ಟೇ ಬಿಡಿಸಬೇಕು. ಅವಸರ ಮಾಡಿದರೆ ಕೂದಲೆಳೆಯಂಥ ಬೇರುಗಳು ಕಿತ್ತು ಜರಡಿ ಪಾಲಾಗುತ್ತವೆ. ಬೇರಕ್ಕನ ಕೈಯಿಂದ ಹೊರಬಂದ ಬೇರು ಬಿಳಿ ತಟ್ಟೆಯ ಮೇಲೆ ಬಾಚಿದ ತಲೆಗೂದಲಿನಂತೆ ಇಡಿಯಾಗಿ ಹರಡಿಕೊಳ್ಳುತ್ತಿತ್ತು. ಅವಳು ಸೇರಿದ ಹೊಸತರಲ್ಲಿ ಅಲ್ಲಿದ್ದ ಮುದಿ ವಿಜ್ಞಾನಿಯೊಬ್ಬರು ಅದನ್ನು ನೋಡಿ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ್ದರು. ಎಳೆಬೇರನ್ನು ಕುದಿಸಿ, ವಿನೆಗರ್ ಬೆರೆಸಿದ ನೀಲಿ ಶಾಯಿಯಲ್ಲಿ ಅದ್ದಿ ನೋಡಿದರೆ, ಬೇರಿನ ಒಳಗೆಲ್ಲ ನೀಲಿ ಎಳೆಗಳು, ಅಲ್ಲಲ್ಲಿ ಪುಟ್ಟ ಪೊದೆಗಳಂಥ ಗಂಟುಗಳು.

"ಬೂಷ್ಟು ಹಿಡಿದಿದೆಯಲ್ಲ ಸರ್, ಇದನ್ನ ಎಸೀಬೇಕಾ?" ಎಂದು ಅವಳು ಕೇಳಿದ್ದಳು.

"ಇದು ರೋಗ ಅಲ್ಲಮ್ಮ. ಬೇರು ನುಗ್ಗಲಾರದ ಸಂದಿಯಲ್ಲಿ ಈ ಎಳೆ ನುಗ್ಗುತ್ತೆ. ಅಲ್ಲಿಂದ ನೀರು, ಸತ್ವ ಎಳೆದು ತರುತ್ತೆ. ಗಿಡ ಅದಕ್ಕೆ ಬದಲಾಗಿ ಸಕ್ಕರೆ ಕೊಡುತ್ತೆ."

ಏಳನೇ ತರಗತಿ ಓದಿದ್ದ ಬೇರಕ್ಕ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, "ಹಂಗಾದ್ರೆ ಯಾರು ಯಾರನ್ನ ಸಾಕ್ತಿದ್ದಾರೆ ಅಂತ ಹೇಳೋದು ಕಷ್ಟ" ಎಂದಳು. ಮುದುಕರು ನಕ್ಕರು. ಅವರು ನಿವೃತ್ತರಾಗಿ ಹೋಗುವಷ್ಟರಲ್ಲಿ ನೀಲಿ ಎಳೆಗಳನ್ನು ಚೌಕ ಗೆರೆ ಹಾಕಿದ ಗಾಜಿನ ಮೇಲೆ ಎಣಿಸುವುದರಲ್ಲಿ ಅವಳನ್ನು ಮೀರಿಸುವವರು ಆ ಕಟ್ಟಡದಲ್ಲಿ ಇರಲಿಲ್ಲ.

ಅವಳ ಸ್ವಭಾವವೂ ಬೇರಿನದೇ, ಹಿಡಿದರೆ ಬಿಡುವುದಿಲ್ಲ ಎಂದು ಗಂಡ ಹೇಳುತ್ತಿದ್ದ. ಉಗ್ರಾಣದವನು ಒಮ್ಮೆ, ಕೊಡದ ಕೈಗವಸುಗಳಿಗೆ ಸಹಿ ಹಾಕಲು ಹೇಳಿದ. ಅವಳು ಹಾಕಲಿಲ್ಲ. ಉಳಿದವರೆಲ್ಲ ಹಾಕಿದ್ದಾರಲ್ಲ ಎಂದ. "ಅವರ ಕೈಗೆ ಬಂದಿರಬೇಕು, ನನ್ನ ಕೈ ನೋಡಿ" ಎಂದು ನೀರಲ್ಲಿ ನೆನೆದು ಬಿಳಿಚಿಕೊಂಡ ಬೆರಳುಗಳನ್ನು ಅವನ ಮೇಜಿನ ಮೇಲಿಟ್ಟಳು. ಮರುವಾರ ಎಲ್ಲರಿಗೂ ಕೈಗವಸು ಬಂತು. ಅವಳು ಮಾತ್ರ ಅದನ್ನು ಒಂದು ದಿನವೂ ಹಾಕಿಕೊಳ್ಳಲಿಲ್ಲ, ಬರಿಗೈಯಿಲ್ಲದೆ ಬೇರು ತಿಳಿಯುವುದಿಲ್ಲ ಎಂದು.

ಅವಳ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಈ ಗಿಡಗಳ ವಿಷಯ ಎದ್ದಿತು.

ಆ ಊರಿನ ಕಾಲುವೆಯ ಎರಡೂ ದಡದಲ್ಲಿ, ಬೀದಿಗಳ ಪಕ್ಕದಲ್ಲಿ ಇರುವುದು ಒಂದೇ ಜಾತಿಯ ಮರ. ಜನ ಅದನ್ನು ಅರಳೆಮರ ಎನ್ನುತ್ತಾರೆ. ಈ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಮರ ಪರಾಗ ಉದುರಿಸಿ ಸುಮ್ಮನಾಗುತ್ತದೆ. ಹೆಣ್ಣು ಮರದ ಕಾಯಿ ಒಡೆದಾಗ ಬೀಜದ ಜೊತೆ ಬಿಳಿ ಅರಳೆ ಗಾಳಿಯಲ್ಲಿ ತೇಲುತ್ತದೆ. ಮೂರು ವಾರ ಊರೆಲ್ಲ ಅರಳೆ. ಕಿಟಕಿಯಲ್ಲಿ, ಚರಂಡಿಯಲ್ಲಿ, ಚಹಾದ ಲೋಟದಲ್ಲಿ. ಬೇರಕ್ಕನ ಗಂಡ ನಗರಸಭೆಯ ಬೀದಿ ಗುಡಿಸುವ ವಾಹನದ ಚಾಲಕ. ಆ ಮೂರು ವಾರ ಅವನ ಬಾಯಲ್ಲಿ ಬರುವ ಮಾತುಗಳನ್ನು ಬರೆಯುವಂತಿಲ್ಲ. ವಾಹನದ ಹೀರುವ ಕೊಳವೆಗೆ ಅರಳೆ ತುಂಬಿ ದಿನಕ್ಕೆ ನಾಲ್ಕು ಸಲ ಬಿಚ್ಚಿ ಕೈಯಿಂದ ಕೀಳಬೇಕಿತ್ತು.

ಎರಡು ವರ್ಷ ಸರಿಯಾಗಿ ಮಳೆಯಾಗಲಿಲ್ಲ. ಕಾಲುವೆಯಲ್ಲಿ ನೀರು ಇಳಿದು ತಳದ ಕಲ್ಲುಗಳು ಕಂಡವು. ಮರಗಳು ಅಲ್ಲೊಂದು ಇಲ್ಲೊಂದು ಒಣಗಿದವು. ನಗರಸಭೆ ಮೂರು ಸಾವಿರ ಹೊಸ ಗಿಡ ನೆಡುವುದೆಂದು ತೀರ್ಮಾನಿಸಿತು. ಉದ್ಯಾನ ಅಧಿಕಾರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನೆಡುವುದಾದರೆ ಗಂಡೇ ನೆಡೋಣ, ಅರಳೆಯ ಕಾಟ ತಪ್ಪುತ್ತದೆ. ಹೆಣ್ಣು ಮರ ಬರಕ್ಕೆ ತಾಳುವುದಿಲ್ಲ ಎಂದೂ ಕೇಳಿದ್ದೇನೆ, ಆದ್ದರಿಂದ ಕಾಲುವೆಯ ದಡದ ಒಂಬೈನೂರು ಹೆಣ್ಣು ಮರಗಳನ್ನೂ ಕಡಿದು ಜಾಗ ಬಿಡಿಸೋಣ. ಸಂಶೋಧನಾ ಕೇಂದ್ರದಿಂದ ಹಾಗೆಂದು ಒಂದು ಪತ್ರ ಸಿಕ್ಕರೆ ಸಾಕು ಎಂದ.

ಕೇಂದ್ರದಲ್ಲಿ ಅದೇ ವಿಷಯದ ಪ್ರಯೋಗ ನಡೆಯುತ್ತಿತ್ತು. ನಡೆಸುತ್ತಿದ್ದವಳು ಒಬ್ಬ ಸಂಶೋಧಕಿ. ಮೂವತ್ತು ದಾಟಿರಲಿಲ್ಲ, ವರ್ಷದಿಂದ ವರ್ಷಕ್ಕೆ ಹೊಸ ಆದೇಶ ಬಂದರೆ ಮಾತ್ರ ಉಳಿಯುವ ಕೆಲಸ. ಗಾಜಿನ ಮನೆಯಲ್ಲಿ ಇನ್ನೂರ ನಲವತ್ತು ಕುಂಡ. ಅರ್ಧ ಗಂಡು ಮರಗಳ ಕಡ್ಡಿಯಿಂದ ಬೆಳೆಸಿದವು, ಅರ್ಧ ಹೆಣ್ಣಿನವು. ಎರಡರಲ್ಲೂ ಅರ್ಧಕ್ಕೆ ಬಾಯ್ಲರಿನ ಹಬೆಯಲ್ಲಿ ಬೇಯಿಸಿದ ಮಣ್ಣು, ಅಂದರೆ ಬೂಷ್ಟಿನ ಸುಳಿವಿಲ್ಲದ್ದು. ಇನ್ನರ್ಧಕ್ಕೆ ಅದೇ ಬೆಂದ ಮಣ್ಣಿಗೆ ಬೇರಿನ ಬೂಷ್ಟು ಬೆರೆಸಿದ್ದು. ಹೀಗಾದ ಒಂದೊಂದು ಗುಂಪಿನಲ್ಲೂ ಮೂವತ್ತಕ್ಕೆ ಬೇಕಾದಷ್ಟು ನೀರು, ಮೂವತ್ತಕ್ಕೆ ಬರ. ಬರವೆಂದರೆ ಪೂರಾ ಬತ್ತಿಸುವುದಲ್ಲ. ಪ್ರತಿ ಕುಂಡವನ್ನೂ ತೂಗಿ, ಗುರುತಿನ ತೂಕಕ್ಕಿಂತ ಎಷ್ಟು ಕಡಿಮೆಯಿದೆಯೋ ಅಷ್ಟೇ ನೀರು ಹಾಕುವುದು. ಆ ತೂಗುವ ಕೆಲಸ ಬೇರಕ್ಕನದು. ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಹನ್ನೊಂದಕ್ಕೆ ಮುಗಿಯುತ್ತಿತ್ತು.

ಪ್ರಯೋಗದ ಯೋಜನೆ ಎರಡು ಹಾಳೆಯದು. ಗಾಜಿನ ಮನೆಯ ಬಾಗಿಲ ಪಕ್ಕ ಅಂಟಿಸಿತ್ತು. ಕೆಳಗೆ ನಿರ್ದೇಶಕರ ಸಹಿ.

ಐವತ್ತನೇ ದಿನದ ಹೊತ್ತಿಗೆ ಬರದ ಸಾಲಿನ ಹೆಣ್ಣು ಗಿಡಗಳ ಕೆಳಗಿನ ಎಲೆ ಹಳದಿಯಾಯಿತು. ಅರವತ್ತೈದರ ಹೊತ್ತಿಗೆ ಅರವತ್ತೂ ಗಿಡ ಬೋಳು ಕಡ್ಡಿಗಳಾಗಿ ನಿಂತವು, ಬೂಷ್ಟು ಇದ್ದವು ಇಲ್ಲದವು ಎಂಬ ಭೇದವಿಲ್ಲದೆ. ಎದುರು ಸಾಲಿನ ಗಂಡು ಗಿಡಗಳು ಅದೇ ಬರದಲ್ಲಿ ಎಲೆ ಹಿಡಿದುಕೊಂಡು ಹಸಿರಾಗಿದ್ದವು.

ಉದ್ಯಾನ ಅಧಿಕಾರಿ ಬಂದದ್ದು ಆಗಲೇ. ನಿರ್ದೇಶಕರ ಜೊತೆ ಎರಡು ಸಾಲುಗಳ ನಡುವೆ ನಡೆದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

"ಇನ್ನೇನು ಸರ್ ಬೇಕು? ಕಣ್ಣಿಗೇ ಕಾಣ್ತಿದೆಯಲ್ಲ," ಎಂದ.

ನಿರ್ದೇಶಕರು ಕೆಟ್ಟ ಮನುಷ್ಯರಲ್ಲ. ಆದರೆ ನಗರಸಭೆಯ ಜಾಗದಲ್ಲಿ ಕೇಂದ್ರದ ಹೊಸ ಕಟ್ಟಡ ಏಳಬೇಕಿತ್ತು. ಅವರು ಸಂಶೋಧಕಿಯ ಮುಖ ನೋಡಿದರು. ಅವಳು, "ಇನ್ನೂ ಸ್ವಲ್ಪ ದಿನ ಇದೆ ಸರ್, ಮತ್ತೆ ನೀರು ಕೊಡೋ ಹಂತ..." ಎಂದು ಶುರು ಮಾಡಿ, ಅವರ ಹುಬ್ಬು ಏರಿದ್ದು ಕಂಡು ನಿಲ್ಲಿಸಿದಳು.

"ಸತ್ತದ್ದಕ್ಕೆ ನೀರು ಕೊಟ್ಟು ಏನು ಮಾಡ್ತೀರಿ? ಜಾಗ ಬಿಡಿಸಿ. ಗಂಡು ಕಡ್ಡಿಗಳನ್ನ ಬೇರು ಬರಿಸೋಕೆ ಈ ಬೆಂಚುಗಳು ಬೇಕಾಗುತ್ತೆ. ಸೋಮವಾರ ಲಾರಿ ಬರುತ್ತೆ," ಎಂದರು ನಿರ್ದೇಶಕರು.

ಅವರು ಹೋದ ಮೇಲೆ ಬೇರಕ್ಕ ಒಂದು ಬೋಳು ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರು. ಇನ್ನೊಂದನ್ನು ಕೆರೆದಳು. ಅದರ ಒಳಗೆ ಕಂದು. ಹೀಗೆ ಅರವತ್ತನ್ನೂ ಕೆರೆದು ನೋಡಿ ಸಂಶೋಧಕಿಯ ಕಡೆ ತಿರುಗಿದಳು.

"ಮೇಡಂ, ಇವು ಸತ್ತಿಲ್ಲ. ಎಲ್ಲ ಅಲ್ಲ, ಆದ್ರೆ ತುಂಬ ಬದುಕಿವೆ. ಬೂಷ್ಟು ಹಾಕಿದ್ದರಲ್ಲಂತೂ ಹೆಚ್ಚಿನವು ಒಳಗೆ ಹಸಿಯಾಗಿವೆ. ನೀರು ಹಾರಿ ಹೋಗ್ದೇ ಇರಲಿ ಅಂತ ಎಲೆ ಉದುರಿಸಿವೆ, ಅಷ್ಟೆ."

"ಗೊತ್ತು ಅಕ್ಕ."

"ಗೊತ್ತಿದ್ರೆ ಹೇಳ್ಬೇಕಿತ್ತು."

"ಇನ್ನು ಮೂರು ತಿಂಗಳಿಗೆ ನನ್ನ ಆದೇಶ ಮುಗಿಯುತ್ತೆ," ಎಂದಳು ಸಂಶೋಧಕಿ. ಕಣ್ಣು ಕುಂಡಗಳ ಮೇಲೇ ಇತ್ತು.

ಬೇರಕ್ಕ ಅವಳನ್ನು ಬೈಯಲಿಲ್ಲ. ಬಾಡಿಗೆ ಕೋಣೆ, ಊರಿಗೆ ಹೊಸಬಳು, ತಿಂಗಳಿಗೊಂದು ಸಲ ತಾಯಿಯ ಆಸ್ಪತ್ರೆ. ಅವಳ ಬದುಕು ಬೇರಕ್ಕನಿಗೆ ಗೊತ್ತಿತ್ತು. ಆದರೆ ಮನಸ್ಸು ಕುದಿಯುತ್ತಿತ್ತು. ಅರವತ್ತೈದು ದಿನ, ದಿನಕ್ಕೆ ಇನ್ನೂರ ನಲವತ್ತು ಸಲ ಎತ್ತಿ ಇಳಿಸಿದ ಭುಜ ಅವಳದು. ಕೊನೆಯವರೆಗೆ ಹೋಗದೆ ನಡುವೆಯೇ ಫಲಿತಾಂಶ ಬರೆಯುತ್ತಾರಾದರೆ ಮೊದಲ ದಿನವೇ ಬರೆಯಬಹುದಿತ್ತಲ್ಲ.

ಮನೆಯಲ್ಲಿ ಗಂಡ ಊಟಕ್ಕೆ ಕೂತಿದ್ದ. ಅವನ ತಂಗಿಯೂ ಇದ್ದಳು. ಗಂಡನನ್ನು ಬಿಟ್ಟು ಬಂದು ಎಂಟು ವರ್ಷದಿಂದ ಇವರ ಜೊತೆ ಇರುವ ನಾದಿನಿ, ಹೊಲಿಗೆ ಯಂತ್ರದ ಮುಂದೆ ಇಡೀ ದಿನ ಸೀನುವವಳು.

"ಕಡಿಯಲಿ ಬಿಡು," ಎಂದ ಗಂಡ, ಕೇಳಿದ ಮೇಲೆ. "ನೀನು ಒಂದು ದಿನ ಆ ಕೊಳವೆಗೆ ಕೈ ಹಾಕು, ಆಮೇಲೆ ಹೆಣ್ಣು ಮರದ ಪರ ಮಾತಾಡು."

"ನನ್ನ ಮೂಗಿಗೂ ಒಂದು ಮುಕ್ತಿ ಸಿಗುತ್ತೆ ಅತ್ತಿಗೆ," ಎಂದಳು ನಾದಿನಿ.

"ನೀನು ಸೀನೋದು ಯಾವಾಗ ಶುರು ಮಾಡ್ತೀಯ?"

"ಎಲೆ ಚಿಗುರೋ ಮುಂಚೆ."

"ಅರಳೆ ಹಾರೋದು?"

ನಾದಿನಿ ಯೋಚಿಸಿದಳು. "ಅದಾಗಿ ಒಂದು ತಿಂಗಳಿಗೆ."

"ನೀನು ಸೀನೋದು ಪರಾಗಕ್ಕೆ ಕಣೇ, ಗಂಡು ಮರದ್ದು. ಅರಳೆ ಕಣ್ಣಿಗೆ ಕಾಣುತ್ತೆ, ಅದಕ್ಕೆ ಅದರ ತಲೆ ಮೇಲೆ ಎಲ್ಲ ಕಟ್ತೀರಿ. ಮೂರು ಸಾವಿರ ಗಂಡು ಗಿಡ ನೆಡ್ತಾರಂತೆ. ಮೂಗನ್ನ ಹುಷಾರಾಗಿ ಇಟ್ಕೋ."

ಗಂಡ ತುತ್ತು ಕೈಯಲ್ಲೇ ಹಿಡಿದು ತಂಗಿಯ ಮುಖ ನೋಡಿದ. "ಇವಳ ಹತ್ತಿರ ಮಾತಾಡೋದೇ ತಪ್ಪು," ಎಂದು ಊಟ ಮುಂದುವರಿಸಿದ.

ಸೋಮವಾರ ಒಂಬತ್ತಕ್ಕೆ ಲಾರಿ ಬಂತು. ಮೊದಲು ಹೊರಗಿನ ಮಡಿಗಳಲ್ಲಿದ್ದ ನಾನೂರು ಹೆಣ್ಣು ಸಸಿಗಳನ್ನು ಕಿತ್ತು ತುಂಬಿದರು. ಅವು ನಗರಸಭೆಗೆಂದೇ ಬೆಳೆಸಿದವು, ಅವುಗಳ ಮೇಲೆ ಬೇರಕ್ಕನಿಗೆ ಯಾವ ಹಿಡಿತವೂ ಇರಲಿಲ್ಲ. ತೊಳೆಯುವ ಕೋಣೆಯ ಕಿಟಕಿಯಿಂದ ನೋಡುತ್ತ ನಿಂತಳು. ಆಮೇಲೆ ಲಾರಿಯವನು ಗಾಜಿನ ಮನೆಯ ಬಾಗಿಲಿಗೆ ಬಂದ. ಬಾಗಿಲಿಗೆ ಬೀಗ. ಪಕ್ಕದಲ್ಲಿ ತಲೆಕೆಳಗಾಗಿ ಇಟ್ಟ ಬಕೆಟ್ಟಿನ ಮೇಲೆ ಬೇರಕ್ಕ ಬಂದು ಕೂತಳು.

"ಬೀಗದ ಕೈ ಕೊಡಮ್ಮ."

"ಕೊಡಲ್ಲಪ್ಪ. ನಿನ್ನ ಮೇಲೆ ಸಿಟ್ಟಿಲ್ಲ. ಹೋಗಿ ಸಾಹೇಬರನ್ನ ಕರ್ಕೊಂಡು ಬಾ."

ನಿರ್ದೇಶಕರು ಬಂದರು. ಹಿಂದೆ ಗುಮಾಸ್ತ, ಅವನ ಹಿಂದೆ ಕೆಲಸ ಬಿಟ್ಟು ನೋಡಲು ಬಂದ ಏಳೆಂಟು ಜನ. ಬೇರಕ್ಕ ಎದ್ದು ನಿಂತಳು.

"ಇದೇನಮ್ಮ ಇದು?"

"ಯೋಜನೆ ಸರ್," ಎಂದು ಬಾಗಿಲ ಪಕ್ಕದ ಹಾಳೆಯ ಮೇಲೆ ಬೆರಳಿಟ್ಟಳು. ಹಬೆಗೆ ಕಾಗದ ಉಬ್ಬಿತ್ತು, ಅಕ್ಷರ ಮಾತ್ರ ಸ್ಪಷ್ಟವಾಗಿತ್ತು. "ತೊಂಬತ್ತನೇ ದಿನ ಬರದ ಸಾಲುಗಳಿಗೆಲ್ಲ ಮತ್ತೆ ನೀರು ಕೊಡಬೇಕು, ನೂರಿಪ್ಪತ್ತನೇ ದಿನ ಎಣಿಸಬೇಕು ಅಂತ ಇದೆ. ಇವತ್ತು ಅರವತ್ತೆಂಟು. ಕೆಳಗಿನ ಸಹಿ ನಿಮ್ಮದು."

"ನನ್ನ ಸಹಿ ನನಗೆ ತೋರಿಸಬೇಡ."

"ನೀವೇ ಅದನ್ನ ಅಳಿಸಿ, ಪಕ್ಕದಲ್ಲಿ ಯಾಕೆ ಅಂತ ಬರೆದು ಇನ್ನೊಂದು ಸಹಿ ಹಾಕಿ. ಈಗಲೇ ಬೀಗ ತೆಗೀತೀನಿ."

ಗುಮಾಸ್ತ ಅಭ್ಯಾಸಬಲದಿಂದ ಜೇಬಿನ ಪೆನ್ನು ತೆಗೆದು ಮುಂದೆ ಹಿಡಿದ. ನಿರ್ದೇಶಕರು ಅವನನ್ನು ನೋಡಿದ ನೋಟಕ್ಕೆ ಪೆನ್ನು ವಾಪಸ್ಸು ಜೇಬಿಗೆ ಹೋಯಿತು. ಹಿಂದೆ ಯಾರೋ ಕೆಮ್ಮಿದಂತೆ ಮಾಡಿ ನಕ್ಕರು.

"ನೀನು ಬೇರು ತೊಳೆಯೋಕೆ ಇರೋದು. ಫಲಿತಾಂಶ ಹೇಳೋಕಲ್ಲ," ಎಂದರು ನಿರ್ದೇಶಕರು, ದನಿ ತಗ್ಗಿಸಿ.

"ಹೌದು ಸರ್. ಫಲಿತಾಂಶ ನಾನು ಹೇಳ್ತಿಲ್ಲ. ಬರೋ ಮುಂಚೆ ನೀವೂ ಹೇಳಬೇಡಿ ಅಂತಿದ್ದೀನಿ."

ಆಗ ಗುಂಪಿನ ಹಿಂದಿನಿಂದ ಸಂಶೋಧಕಿ ಮುಂದೆ ಬಂದಳು. ಮುಖ ಬಿಳಿಚಿಕೊಂಡಿತ್ತು. ಬೇರಕ್ಕನ ಪಕ್ಕದಲ್ಲಿ ನಿಂತು, "ಪ್ರಯೋಗ ನನ್ನದು ಸರ್. ಮುಗಿದಿಲ್ಲ. ಮುಗಿಯದ ಪ್ರಯೋಗಕ್ಕೆ ನಾನು ಸಹಿ ಹಾಕಲ್ಲ," ಎಂದಳು. ಅಷ್ಟೇ ಮಾತು. ಬೇರಕ್ಕ ಸ್ವಲ್ಪ ಸರಿದು ಬಾಗಿಲ ಮುಂದೆ ಅವಳಿಗೂ ಜಾಗ ಮಾಡಿಕೊಟ್ಟಳು.

ಲಾರಿ ಅರ್ಧ ತುಂಬಿಕೊಂಡು ಹೋಯಿತು. ಅಂದು ಸಂಜೆ ಬೇರಕ್ಕನಿಗೆ ಮೆಮೊ ಬಂತು. ಮೇಲಧಿಕಾರಿಯ ಆಜ್ಞೆ ಮೀರಿದ್ದಕ್ಕೆ ಮೂರು ದಿನದೊಳಗೆ ಕ್ಷಮೆ ಕೋರಿ ಉತ್ತರ ಕೊಡತಕ್ಕದ್ದು. ಅದರ ಜೊತೆ ಇನ್ನೊಂದು ಹಾಳೆ, ನಾಳೆಯಿಂದ ಬೀಜದ ಉಗ್ರಾಣದಲ್ಲಿ ಗೋಣಿಚೀಲ ವಿಂಗಡಿಸುವ ಕೆಲಸ. ಬೆಂಚುಗಳು ಗಂಡು ಕಡ್ಡಿಗಳಿಗೆ ಬೇಕೆಂದು ಬರದ ಸಾಲಿನ ನೂರಿಪ್ಪತ್ತು ಕುಂಡಗಳನ್ನು, ಗಂಡು ಹೆಣ್ಣು ಎರಡನ್ನೂ, ಬಾಯ್ಲರಿನ ಹಿಂದಿನ ತಗಡಿನ ಚಪ್ಪರಕ್ಕೆ ಸಾಗಿಸಿದರು. ವಿದ್ಯುತ್ ತಕ್ಕಡಿಯನ್ನು ರಿಪೇರಿಗೆಂದು ಯಾರೋ ಕೊಂಡೊಯ್ದರು. ಅದು ಹಾಳಾಗಿಯೇ ಇರಲಿಲ್ಲ.

ಬೇರಕ್ಕ ಮೆಮೊಗೆ ಉತ್ತರ ಕೊಟ್ಟಳು. ಕ್ಷಮೆ ಕೋರಲಿಲ್ಲ. "ಯೋಜನೆಯ ಪ್ರಕಾರ ಕೆಲಸ ಮಾಡಿರುತ್ತೇನೆ" ಎಂದು ಒಂದೇ ಸಾಲು, ದುಂಡಗಿನ ಅಕ್ಷರದಲ್ಲಿ.

ತೂಗದಿದ್ದರೆ ನೀರಿನ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದರೆ ಪ್ರಯೋಗವೇ ಸತ್ತಂತೆ. ಮನೆಯಲ್ಲಿ ಅವಳು ಊಟ ಮಾಡದೆ ಗೋಡೆ ನೋಡುತ್ತ ಕೂತಿದ್ದಳು. ತಕ್ಕಡಿ ಹೋಯಿತೆಂದಷ್ಟೇ ಗಂಡನಿಗೆ ಹೇಳಿದಳು. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಅವನ ಗುಡಿಸುವ ವಾಹನ ಗುಡುಗುಡು ಸದ್ದು ಮಾಡುತ್ತ ಕೇಂದ್ರದ ಹಿಂದಿನ ಗೇಟಿಗೆ ಬಂದು ನಿಂತಿತು. ಇಳಿದವನ ಕೈಯಲ್ಲಿ ತರಕಾರಿ ಅಂಗಡಿಯ ದೊಡ್ಡ ತಕ್ಕಡಿ, ಒಂದು ಚೀಲದಲ್ಲಿ ಕಬ್ಬಿಣದ ತೂಕದ ಬಟ್ಟುಗಳು.

"ಅಂಗಡಿಯವನಿಗೆ ಎರಡು ಗಂಟೆಗೆ ವಾಪಸ್ ಕೊಡ್ತೀನಿ ಅಂದಿದ್ದೀನಿ. ಬೇಗ ಮಾಡು."

"ನೀವು ಹೆಣ್ಣು ಮರ ಕಡೀಲಿ ಅನ್ನೋರು."

"ಈಗಲೂ ಅಂತೀನಿ. ಆದ್ರೆ ತೂಗಬೇಡ ಅಂತ ಯಾವಾಗ ಅಂದೆ? ತೂಗಿದ ಮೇಲೆ ಕಡೀಲಿ," ಎಂದು ಅವನು ಕುಂಡ ಎತ್ತಿ ತಟ್ಟೆಯಲ್ಲಿಟ್ಟ.

ಇಪ್ಪತ್ತೊಂದು ದಿನ ಹೀಗೇ ನಡೆಯಿತು. ಬಿಡುವಿನ ಒಂದು ಗಂಟೆ ಸಾಲದೆ ಬಂದಾಗ ಸಂಶೋಧಕಿಯೂ ಕೈಜೋಡಿಸಿದಳು. ಗಂಡ ಎತ್ತುವುದು, ಸಂಶೋಧಕಿ ಬರೆಯುವುದು, ಬೇರಕ್ಕ ಅಳತೆಯ ಲೋಟದಿಂದ ನೀರು ಸುರಿಯುವುದು. ನೂರಿಪ್ಪತ್ತು ಕುಂಡ ಎತ್ತಿ ಎತ್ತಿ ಗಂಡನ ಸೊಂಟ ಹಿಡಿದುಕೊಂಡಿತು. ಗಂಡು ಗಿಡದ ಕುಂಡವನ್ನು ಎತ್ತುವಾಗ ಮಾತ್ರ, "ನೋಡು, ನಮ್ಮವರು ಹೇಗಿದ್ದಾರೆ" ಎನ್ನುತ್ತಿದ್ದ. ಎಂಬತ್ತನೇ ದಿನದ ಹೊತ್ತಿಗೆ ಬೂಷ್ಟಿಲ್ಲದ ಗಂಡು ಗಿಡಗಳ ಎಲೆಯ ಅಂಚು ಸುರುಟಿ ಕರಕಲಾಯಿತು. ಆಮೇಲೆ ಅವನು ಹಾಗೆ ಹೇಳುವುದನ್ನು ನಿಲ್ಲಿಸಿದ.

ತೊಂಬತ್ತನೇ ದಿನ ಎಲ್ಲ ಕುಂಡಕ್ಕೂ ತುಂಬ ನೀರು ಕೊಟ್ಟರು. ಒಣಮಣ್ಣು ಮೊದಲು ಹೀರಲಿಲ್ಲ, ನೀರು ಮೇಲೆಯೇ ನಿಂತು ಗುಳ್ಳೆ ಎದ್ದು, ಆಮೇಲೆ ಸರ್ರನೆ ಇಳಿಯಿತು. ತೊಂಬತ್ತೈದು, ಏನಿಲ್ಲ. ತೊಂಬತ್ತೆಂಟು, ಏನಿಲ್ಲ. ಉಗ್ರಾಣದವರು ಗೋಣಿಚೀಲದ ನಡುವೆ ಅವಳನ್ನು ಕಂಡು, "ಏನು ಬೇರಕ್ಕ, ಕಡ್ಡಿಗಳು ಎದ್ವಾ?" ಎಂದು ಕೇಳುತ್ತಿದ್ದರು. "ಎದ್ದಾಗ ನಿನ್ನನ್ನೇ ಮೊದಲು ಎಬ್ಬಿಸ್ತೀನಿ," ಎನ್ನುತ್ತಿದ್ದಳು ಅವಳು. ಆದರೆ ಒಳಗೊಳಗೆ ಅವಳಿಗೂ ಅಳುಕು ಹುಟ್ಟಿತ್ತು. ಉಗುರಿಗೆ ಕಂಡ ಹಸಿರು ಮೂರು ವಾರದಲ್ಲಿ ಆರಿಹೋಗಿದ್ದರೆ? ಅವಳು ಮತ್ತೆ ಕೆರೆದು ನೋಡಲಿಲ್ಲ. ಕೆರೆದಷ್ಟೂ ಗಿಡಕ್ಕೆ ಗಾಯ.

ನೂರಾ ಎರಡನೇ ದಿನ ಬೂಷ್ಟು ಹಾಕಿದ ಹೆಣ್ಣು ಸಾಲಿನ ಮೂರನೇ ಕುಂಡದಲ್ಲಿ, ಬುಡದಿಂದ ಎರಡು ಬೆರಳು ಮೇಲೆ, ಸಾಸಿವೆ ಕಾಳಿನಷ್ಟು ಕೆಂಪು ಮೊಗ್ಗು ಕಂಡಿತು. ಬೇರಕ್ಕ ಮೊಣಕಾಲೂರಿ ಕೂತು ಬಹಳ ಹೊತ್ತು ನೋಡಿದಳು. ಸಂಶೋಧಕಿ ಬಂದಾಗ, "ಬರ್ಕೊಳ್ಳಿ," ಎಂದಳು, "ಒಂದು."

ನೂರಿಪ್ಪತ್ತನೇ ದಿನ ಎಣಿಸಿದರು. ಬೂಷ್ಟು ಇದ್ದ ಮೂವತ್ತು ಹೆಣ್ಣು ಗಿಡಗಳಲ್ಲಿ ಇಪ್ಪತ್ನಾಲ್ಕು ಚಿಗುರಿದ್ದವು. ಇಲ್ಲದ ಮೂವತ್ತರಲ್ಲಿ ಐದು. ಬೂಷ್ಟು ಇದ್ದ ಗಂಡು ಗಿಡಗಳಲ್ಲಿ ಇಪ್ಪತ್ತೇಳು ಬದುಕಿದ್ದವು. ಇಲ್ಲದವುಗಳಲ್ಲಿ ಹನ್ನೆರಡು. ಉಳಿದ ಹದಿನೆಂಟು ಅಂಚು ಕರಕಲಾದರೂ ಕೊನೆಯವರೆಗೂ ಎಲೆ ಉದುರಿಸದೆ ಹಸಿರಾಗಿ ನಿಂತು, ಆಮೇಲೆ ಒಂದೇ ವಾರದಲ್ಲಿ ಒಣಗಿದ್ದವು. ಬೇರಕ್ಕ ಹತ್ತು ಗಿಡಗಳ ಬೇರು ತೊಳೆದಳು. ತೊಳೆಯುವ ಕೋಣೆಗೆ ಕಾಲಿಡಬಾರದೆಂದು ಯಾರೂ ಬರೆದು ಕೊಟ್ಟಿರಲಿಲ್ಲ. ಶಾಯಿಯಲ್ಲಿ ಅದ್ದಿ ನೋಡಿದರೆ, ಚಿಗುರಿದ ಗಿಡಗಳ ಎಳೆಬೇರಿನಲ್ಲಿ ನೀಲಿ ಎಳೆಗಳು ಒತ್ತಾಗಿ ಹೆಣೆದುಕೊಂಡಿದ್ದವು.

"ಗಂಡು ಗಿಡ ಸ್ವಲ್ಪ ಹೆಚ್ಚು ಗಟ್ಟಿ, ಅದು ನಿಜ," ಎಂದಳು ಸಂಶೋಧಕಿ, ಲೆಕ್ಕ ಕೂಡಿಸಿ. "ಆದ್ರೆ ಗಂಡು ಹೆಣ್ಣಿಗಿಂತ ದೊಡ್ಡ ವ್ಯತ್ಯಾಸ ಮಣ್ಣಿನಲ್ಲಿದೆ."

"ನಿಜ ಇದ್ದದ್ದನ್ನೂ ಬರೀರಿ ಮೇಡಂ. ನಮಗೆ ಬೇಕಾದ್ದು ಮಾತ್ರ ಬರೆದ್ರೆ ನಾವೂ ಅವರ ಹಾಗೇ ಆಗ್ತೀವಿ."

ಸಂಶೋಧಕಿ ವರದಿಯನ್ನು ನಿರ್ದೇಶಕರ ಮೇಜಿನ ಮೇಲೂ ಇಟ್ಟಳು, ನಗರಸಭೆಗೂ ಒಂದು ಪ್ರತಿ ಕಳಿಸಿದಳು. ಮರ ಕಡಿಯುವ ಬಗ್ಗೆ ಸಾರ್ವಜನಿಕ ಸಭೆ ಕರೆದಿದ್ದರು. ಸಭಾಂಗಣ ತುಂಬಿತ್ತು. ಅಷ್ಟರಲ್ಲಿ ಬಕೆಟ್ಟಿನ ಕಥೆ ಊರಲ್ಲಿ ಹಬ್ಬಿತ್ತು. ಮಹಿಳಾ ಸಂಘದ ಕಾರ್ಯದರ್ಶಿ ಬಾಗಿಲಲ್ಲೇ ಬೇರಕ್ಕನ ಕೈ ಹಿಡಿದಳು.

"ನೀವು ಮಾತಾಡ್ಬೇಕು. ಹೆಣ್ಣು ಅಂದ್ರೆ ಬಳುಕ್ತಾಳೆ, ಮುರಿಯಲ್ಲ ಅನ್ನೋದನ್ನ ಆ ಗಿಡಗಳೇ ತೋರಿಸಿವೆ ಅಂತ ಹೇಳಿ."

"ಇಲ್ಲಮ್ಮ, ಅದನ್ನ ಹೇಳಲ್ಲ," ಎಂದಳು ಬೇರಕ್ಕ. "ಗಿಡ ಅದರ ಕೆಲಸ ಮಾಡಿದೆ. ನನ್ನ ಕಷ್ಟಸುಖ ಅದರ ತಲೆ ಮೇಲೆ ಯಾಕೆ ಹೊರಿಸಲಿ? ಬೂಷ್ಟಿಲ್ಲದ ಹೆಣ್ಣು ಗಿಡ ಇಪ್ಪತ್ತೈದು ಸತ್ತವು. ಅವನ್ನ ಏನಂತ ಕರೀತೀರಿ?"

ಕಾರ್ಯದರ್ಶಿಗೆ ಮುಖಭಂಗವಾಯಿತು. ಬೇರಕ್ಕನಿಗೆ ಅದರಿಂದ ಬೇಸರವಾಗಲಿಲ್ಲ.

ಸಭೆಯಲ್ಲಿ ಉದ್ಯಾನ ಅಧಿಕಾರಿ, ಅರಳೆ, ಚರಂಡಿ, ಬೆಂಕಿ ಅಪಾಯ ಎಲ್ಲ ಹೇಳಿ ಕೂತ. ಸಂಶೋಧಕಿ ಅಂಕಿಗಳನ್ನು ಓದಿದಳು. ಯಾರೋ ಬೇರಕ್ಕನ ಕಡೆ ಧ್ವನಿವರ್ಧಕ ಚಾಚಿದರು. ಅದನ್ನು ಹಿಡಿದು ಅಭ್ಯಾಸವಿಲ್ಲದೆ ಪಕ್ಕಕ್ಕಿಟ್ಟು, ತೊಳೆಯುವ ಕೋಣೆಯಲ್ಲಿ ನಲ್ಲಿಯ ಸದ್ದಿನ ಮೇಲೆ ಮಾತಾಡುವ ದನಿಯಲ್ಲೇ ಶುರು ಮಾಡಿದಳು.

"ನನಗೆ ಗಂಡು ಮರದ ಮೇಲೆ ಸಿಟ್ಟಿಲ್ಲ. ನೆಡಿ. ಆದ್ರೆ ಎಲ್ಲಿ ನೆಡ್ತೀರಿ? ನೀವು ತೋಡಿಸಿರೋ ಗುಂಡಿ ನೋಡ್ಕೊಂಡು ಬಂದಿದ್ದೀನಿ. ಒಡೆದ ಸಿಮೆಂಟು, ಮೇಲೆ ಜರಡಿ ಹಿಡಿದ ಸತ್ತ ಮಣ್ಣು. ನಮ್ಮ ಬಾಯ್ಲರಿನಲ್ಲಿ ಬೇಯಿಸಿದ್ದಕ್ಕೂ ಅದಕ್ಕೂ ಏನೂ ಭೇದ ಇಲ್ಲ. ಅಂಥ ಮಣ್ಣಲ್ಲಿ ನಮ್ಮ ಮೂವತ್ತು ಗಂಡು ಗಿಡದಲ್ಲಿ ಹದಿನೆಂಟು ಸತ್ತವು, ಕೊನೆ ತನಕ ಹಸಿರು ತೋರಿಸ್ತಾ ಸತ್ತವು. ನಿಮ್ಮ ಮೂರು ಸಾವಿರದಲ್ಲಿ ಎಷ್ಟು ಉಳಿಯುತ್ತೆ ಲೆಕ್ಕ ಹಾಕಿ. ಬೂಷ್ಟು ಎಲ್ಲಿದೆ? ಕಾಲುವೆ ಮೇಲಿನ ಹಳೇ ಮರಗಳ ಬುಡದಲ್ಲಿದೆ. ಅವನ್ನೇ ಕಡೀತೀವಿ ಅಂತೀರಿ. ಕಡಿದ ಮೇಲೆ ಬೂಷ್ಟು ಯಾರನ್ನ ನಂಬ್ಕೊಂಡು ಬದುಕಬೇಕು?"

"ಅರಳೆಗೆ ಏನು ಮಾಡೋಣ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಗುಡಿಸೋಣ," ಎಂದಳು ಬೇರಕ್ಕ. "ನನ್ನ ಯಜಮಾನರು ಇಲ್ಲೇ ಇದ್ದಾರೆ. ವರ್ಷಕ್ಕೆ ಮೂರು ವಾರ ಬೈತಾರೆ, ಗುಡಿಸ್ತಾರೆ. ಅವರಿಗೆ ಸರಿಯಾದ ಒಂದು ಯಂತ್ರ ಕೊಡಿಸಿ."

ಸಭಾಂಗಣ ನಕ್ಕಿತು. ಎಲ್ಲರೂ ತಿರುಗಿ ನೋಡಿದಾಗ ಗಂಡ ಕುರ್ಚಿಯಲ್ಲಿ ತಗ್ಗಿ ಕೂತ. ಆದರೂ, "ಯಂತ್ರದ ವಿಷಯ ಬರ್ಕೊಳ್ಳಿ," ಎಂದದ್ದು ಮೂರು ಸಾಲಿನವರಿಗೆ ಕೇಳಿಸಿತು.

ಅವಳು ಪೂರ್ತಿ ಗೆಲ್ಲಲಿಲ್ಲ. ಕಾಲುವೆಯ ಒಂಬೈನೂರು ಮರಗಳನ್ನು ಕಡಿಯುವುದು ಬೇಡವೆಂದಾಯಿತು. ಹೊಸ ಗುಂಡಿಗಳಿಗೆ ಹಳೇ ಮರಗಳ ಬುಡದ ಮಣ್ಣು ಒಂದೊಂದು ಬೊಗಸೆ ಬೆರೆಸಬೇಕೆಂದಾಯಿತು. ಬೀದಿಗಳಲ್ಲಿ ಮಾತ್ರ ಗಂಡು ಗಿಡಗಳನ್ನೇ ನೆಡುವುದೆಂದು ಉದ್ಯಾನ ಅಧಿಕಾರಿ ಪಟ್ಟು ಹಿಡಿದು ಉಳಿಸಿಕೊಂಡ. ಲಾರಿಯಲ್ಲಿ ಹೋದ ನಾನೂರು ಸಸಿಗಳು ಎಲ್ಲಿ ಬಿದ್ದವೋ ಯಾರೂ ಹೇಳಲಿಲ್ಲ. ಸಂಶೋಧಕಿಯ ಆದೇಶ ಮುಂದುವರಿಯಲಿಲ್ಲ. ಆದರೆ ಆ ವರದಿಯನ್ನೇ ನೋಡಿ ಬೇರೊಂದು ಊರಿನವರು ಅವಳನ್ನು ಕರೆದು ಕೆಲಸ ಕೊಟ್ಟರು. ಹೊರಡುವ ದಿನ ಅವಳು ಅಚ್ಚಾದ ಪ್ರತಿ ತಂದು ತೋರಿಸಿದಳು. ಹೆಸರುಗಳ ಸಾಲಿನಲ್ಲಿ ತನ್ನದರ ಪಕ್ಕದಲ್ಲೇ, ಹಾಜರಿ ಪುಸ್ತಕದಲ್ಲಿದ್ದ ಬೇರಕ್ಕನ ಹೆಸರು. ನಿರ್ದೇಶಕರು ಅದನ್ನು ತೆಗೆಯಲು ಎರಡು ಸಲ ಹೇಳಿದ್ದರಂತೆ. "ನಾನೂ ಬೀಗದ ಕೈ ಕೊಡಲಿಲ್ಲ ಅಕ್ಕ," ಎಂದಳು.

ಬೇರಕ್ಕ ತೊಳೆಯುವ ಕೋಣೆಗೆ ಮರಳಿದಳು. ಅವಳಂತೆ ಬೇರು ತೊಳೆಯುವವರು ಸಿಗದೆ ಮೂರು ತಿಂಗಳಲ್ಲಿ ಅವರೇ ಕರೆದರು. ನಿವೃತ್ತಿಯ ವಾರ ಗುಮಾಸ್ತ ಕಡತ ಹಿಡಿದು ತೊಟ್ಟಿಯ ಬಳಿ ಬಂದ.

"ಬೇರಕ್ಕ, ಆ ಮೆಮೊ ಇನ್ನೂ ಹಾಗೇ ಇದೆ. ಕ್ಷಮಿಸಿ ಅಂತ ಒಂದು ಸಾಲು ಬರೆದು ಕೊಟ್ಬಿಡಿ. ಕಡತ ಮುಚ್ಚಿ, ಚೊಕ್ಕಟವಾಗಿ ಕಳಿಸ್ತೀವಿ."

"ಮುಚ್ಚದೇ ಇದ್ರೆ ಏನಾಗುತ್ತೆ?"

ಗುಮಾಸ್ತ ಯೋಚಿಸಿದ. "ಏನಾಗಲ್ಲ. ಕಪಾಟಿನಲ್ಲಿ ಇರುತ್ತೆ."

"ಹಾಗಾದ್ರೆ ಇರಲಿ ಬಿಡಪ್ಪ. ಮುಂದೆ ಯಾರಾದ್ರೂ ಓದ್ತಾರೆ."

ಅವನು ಹೋದ ಮೇಲೆ ಅವಳು ನಲ್ಲಿಯ ಧಾರೆಯನ್ನು ಇನ್ನೂ ಸಣ್ಣದು ಮಾಡಿ, ನೆನೆಹಾಕಿದ್ದ ಮಣ್ಣುಗಡ್ಡೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಇನ್ನೂ ಹನ್ನೊಂದು ಗಿಡ ಬಾಕಿ ಇದ್ದವು.